ಜ್ಯಾಡ ನೀರು ಎಲ್ಲಿ ಕುಡೀತೈತಿ?

(ಶಾಲೆಯ ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಮಿತಿಯವರು ನನಗೆ ಕೊಟ್ಟ ವಿಷಯ 'ಕಂಪ್ಯೂಟರ್ ಮತ್ತು ಉದ್ಯೋಗ'. ಅದರ ಬಗ್ಗೆ ಕೇಳಬೇಕು ಅನ್ನುವವರು ಊಟದ ಹೊತ್ತಿನಲ್ಲಿ ನನ್ನನ್ನು ಹಿಡಿದುಕೊಳ್ಳಿ, ಗೊತ್ತಿದ್ದಷ್ಟು ಹೇಳುತ್ತೇನೆ. ಇಲ್ಲಿ ಮಾತ್ರ ನಾನು ಒಂದು ಹಳೆಯ ಬಾಕಿ ತೀರಿಸಬೇಕಾಗಿದೆ. ಈ ಶಾಲೆಯಲ್ಲಿ ನನಗೆ ಕೊಟ್ಟ ಒಂದು ಹೋಂವರ್ಕನ್ನು ನಾನು ಮಾಡಿರಲಿಲ್ಲ. ಅದನ್ನು ಕೊಟ್ಟ ವಿಜ್ಞಾನದ ಸರ್ ಇವತ್ತು ಮೊದಲ ಸಾಲಿನಲ್ಲೇ ಕೂತಿದ್ದಾರೆ.

ಅದು 2003ರ ಆಗಸ್ಟ್. ನಾವು ಎಂಟನೇ ತರಗತಿ. ನಾಡಿನಲ್ಲಿ ಮೇಲಿಂದ ಮೇಲೆ ಮೂರನೇ ವರ್ಷದ ಬರ. ಸ್ವಾತಂತ್ರ್ಯೋತ್ಸವಕ್ಕೆ ಕ್ಲಾಸಿನ ಕೋಣೆ ಸ್ವಚ್ಛ ಮಾಡುತ್ತಿದ್ದೆವು. ಉದ್ದ ಬಿದಿರಿಗೆ ಕಸಬರಿಗೆ ಕಟ್ಟಿ ಜಾಡು ತೆಗೆಯುವ ಕೆಲಸ ನನ್ನದು. ನಮ್ಮ ಕ್ಲಾಸಿನಲ್ಲಿ ಒಬ್ಬ ಹುಡುಗಿ ಇದ್ದಳು. ದಿನಾ ಪ್ರಾರ್ಥನೆಗೆ ತಡವಾಗಿ ಬರುವವಳು. ಯಾಕೆ ಅಂತ ಎಲ್ಲರಿಗೂ ಗೊತ್ತಿತ್ತು. ಆ ವರ್ಷ ಹೊಳೆಯಲ್ಲಿ ನೀರಿರಲಿಲ್ಲ, ಬೋರಿನ ಮುಂದೆ ಕೊಡಗಳ ಪಾಳಿ. ಮನೆಗೆ ನೀರು ತಂದಿಟ್ಟೇ ಅವಳು ಶಾಲೆಗೆ ಬರಬೇಕಿತ್ತು. ಅವತ್ತು ಅವಳು ನನ್ನ ಕಸಬರಿಗೆಯನ್ನು ತಡೆದು, ಮೂಲೆಯಲ್ಲಿದ್ದ ಜೇಡನನ್ನು ತೋರಿಸಿ ಕೇಳಿದಳು: "ಸರ್, ನಾವು ನೀರಿಗೆ ಇಷ್ಟು ದೂರ ಹೋಗ್ತೀವಿ. ಈ ಜ್ಯಾಡ ಮೂಲ್ಯಾಗ ಕುಂತೈತಿ, ಎಲ್ಲೂ ಹೋಗೂದಿಲ್ಲ. ಇದು ನೀರು ಎಲ್ಲಿ ಕುಡೀತೈತ್ರಿ?"

ಇಡೀ ಕ್ಲಾಸು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನೇ. ಸರ್ ನಗಲಿಲ್ಲ. "ನನಗ ಗೊತ್ತಿಲ್ಲವಾ. ಭಾಳ ಚೊಲೋ ಪ್ರಶ್ನೆ ಕೇಳಿದಿ. ಎಲ್ಲಾರೂ ನೋಡ್ರಿ, ನೋಡಿದ್ದನ್ನ ಬಂದು ಹೇಳ್ರಿ" ಅಂದರು. ಆ ಮೂಲೆಯ ಜಾಡನ್ನು ತೆಗೆಯದೆ ಬಿಡಲು ಹೇಳಿದರು. ಆಗಸ್ಟ್ 15ಕ್ಕೆ ಕೋಣೆಯೆಲ್ಲ ಚೊಕ್ಕ, ಅದೊಂದು ಮೂಲೆ ಹಾಗೇ. ನಾವ್ಯಾರೂ ನೋಡಲಿಲ್ಲ, ಯಾರೂ ಹೇಳಲಿಲ್ಲ. ಆ ಹುಡುಗಿ ಮರುವರ್ಷ ಶಾಲೆ ಬಿಟ್ಟಳು. ನಾನು ಪಿಯುಸಿ ಮುಗಿಸಿ, ಬಾಗಲಕೋಟೆಯಲ್ಲಿ ಬಿ.ಇ. ಮಾಡಿ, ಬೆಂಗಳೂರಿಗೆ ಹೋದೆ.

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆಗುವ ಮುನ್ನ ಊರಿಗೆ ಬಂದವನು ಮುಂದಿನ ವರ್ಷದವರೆಗೆ ಇಲ್ಲೇ ಉಳಿದೆ. ನಮ್ಮ ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಮಾಳಿಗೆಯ ಮೇಲೆ ಮಾತ್ರ. ಬೆಳಗಿನ ಆರು ಗಂಟೆಗೆ ಅಮೆರಿಕದವರ ಜೊತೆ ಮೀಟಿಂಗು ಮುಗಿದರೆ ಆಮೇಲೆ ಮೂರು ತಾಸು ಕೆಲಸವಿಲ್ಲ. ಹೊಲದ ಕಡೆ ಹೋಗುತ್ತಿದ್ದೆ. ಹೋಂವರ್ಕ್ ಶುರುವಾದದ್ದು ಆಗ.

ಮೊದಲು ಸುಲಭದ ಉತ್ತರ ಹೇಳಿಬಿಡುತ್ತೇನೆ. ಜೇಡ ತನ್ನ ನೀರಿನ ದೊಡ್ಡ ಪಾಲನ್ನು ಊಟದಿಂದಲೇ ಪಡೆಯುತ್ತದೆ. ಒಂದು ನೊಣದ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ. ಜೇಡನಿಗೆ ನಮ್ಮ ಹಾಗೆ ಅಗಿಯುವ ಹಲ್ಲಿಲ್ಲ. ಹಿಡಿದ ಹುಳದ ಮೇಲೆ ತನ್ನ ಜೀರ್ಣರಸವನ್ನು ಬಿಟ್ಟು, ಒಳಗಿನದೆಲ್ಲ ಕರಗಿ ಸಾರಿನಂತೆ ಆದ ಮೇಲೆ ಹೀರುತ್ತದೆ. ಹೀರುವುದಕ್ಕೆಂದೇ ಹೊಟ್ಟೆಯ ಮುಂಭಾಗದಲ್ಲಿ ಪಂಪಿನಂಥ ಒಂದು ಚೀಲವಿದೆ. ಬಾಯಲ್ಲಿ ಕೂದಲಿನ ಜರಡಿ ಇದೆ, ಗಟ್ಟಿ ಚೂರು ಒಳಗೆ ಹೋಗುವುದಿಲ್ಲ. ನಮ್ಮ ಅಜ್ಜಿಯರು ಹೊಳೆಯ ನೀರನ್ನು ಸೆರಗಿನಲ್ಲಿ ಸೋಸುತ್ತಿದ್ದರಲ್ಲ, ಹಾಗೆ. ಜಾಡಿನಲ್ಲಿ ನೇತಾಡುವ ನೊಣವನ್ನು ಮುಟ್ಟಿ ನೋಡಿ, ಹೊಟ್ಟಿನಂತೆ ಪುಡಿಯಾಗುತ್ತದೆ. ಅದರ ನೀರೆಲ್ಲ ಹೋಗಿದೆ. ಮೂಲೆಯಲ್ಲಿ ಕೂತವನ ಹತ್ತಿರಕ್ಕೇ ತುಂಬಿದ ಕೊಡ ಹಾರಿಬಂದು ಬೀಳುತ್ತದೆ ಅಂದುಕೊಳ್ಳಿ.

ಇಷ್ಟಕ್ಕೇ ನಿಲ್ಲಿಸಿದ್ದರೆ ಹೋಂವರ್ಕಿಗೆ ಅರ್ಧ ಅಂಕ ಸಿಗುತ್ತಿತ್ತು. ಆದರೆ ನೊಣ ಬೀಳದ ದಿನಗಳಿರುತ್ತವೆ. ಜೇಡ ಊಟವಿಲ್ಲದೆ ವಾರಗಟ್ಟಲೆ ಇರಬಲ್ಲದು, ಕೆಲವು ಜಾತಿಯವು ತಿಂಗಳುಗಟ್ಟಲೆ. ನೀರಿಲ್ಲದೆ ಅಷ್ಟು ದಿನ ಇರಲಾರದು. ಹಾಗಾಗಿ ಅದು ಕುಡಿಯಲೇಬೇಕು. ಅದನ್ನು ನಾನು ಕಣ್ಣಾರೆ ನೋಡಿದ್ದು ಆ ವರ್ಷದ ಮೇ ತಿಂಗಳಲ್ಲಿ.

ನಮ್ಮ ಕಡೆಯ ಮೇ ತಿಂಗಳ ಬಿಸಿಲು ನಿಮಗೆ ಹೇಳಬೇಕಾಗಿಲ್ಲ. ಮಧ್ಯಾಹ್ನ ಮಾಳಿಗೆಯ ಮೇಲೆ, ಪ್ಲಾಸ್ಟಿಕ್ ಬಕೆಟ್ಟಿನ ತಳದಲ್ಲಿ ಒಂದು ಜೇಡ ಬಿದ್ದಿತ್ತು. ನುಣುಪು ಗೋಡೆ, ಹತ್ತಿ ಬರಲು ಆಗಿಲ್ಲ. ಕಾಲುಗಳು ಅರ್ಧ ಮಡಚಿದ್ದವು. ಸತ್ತಿದೆ ಅಂದುಕೊಂಡೆ. ಕಡ್ಡಿಯಿಂದ ಮುಟ್ಟಿದರೆ ತುಸು ಅಲುಗಾಡಿತು. ಬೆರಳ ತುದಿಯಿಂದ ಅದರ ಬಾಯಿಯ ಮುಂದೆ ಒಂದು ಹನಿ ನೀರು ಬಿಟ್ಟೆ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಮುಖವನ್ನು ಹನಿಗೆ ಹಚ್ಚಿತು. ಹನಿ ಸಣ್ಣದಾಗುತ್ತಾ ಬಂತು. ಇನ್ನೊಂದು ಹನಿ ಬಿಟ್ಟೆ, ಅದನ್ನೂ ಕುಡಿಯಿತು. ಅರ್ಧ ತಾಸಿನ ಮೇಲೆ ನೋಡಿದರೆ ಮಡಚಿದ್ದ ಕಾಲುಗಳು ಒಂದೊಂದಾಗಿ ಚಾಚಿಕೊಂಡಿವೆ. ಬಕೆಟ್ ಮಗುಚಿದೆ, ಓಡಿಹೋಯಿತು.

ಬಾಯಾರಿಕೆಗೂ ಕಾಲಿಗೂ ಏನು ಸಂಬಂಧ? ಇದಕ್ಕೆ ಉತ್ತರ ಸಿಕ್ಕಾಗ ನನಗೆ ಆದಷ್ಟು ಆಶ್ಚರ್ಯ ಇಂಜಿನಿಯರಿಂಗಿನ ನಾಲ್ಕು ವರ್ಷದಲ್ಲಿ ಆಗಿರಲಿಲ್ಲ. ನಮ್ಮ ಮೊಣಕೈಯನ್ನು ಮಡಚಲು ಒಂದು ಸ್ನಾಯು, ಚಾಚಲು ಇನ್ನೊಂದು. ಜೇಡನ ಕಾಲಿನ ಎರಡು ಮುಖ್ಯ ಕೀಲುಗಳಲ್ಲಿ ಮಡಚುವ ಸ್ನಾಯು ಇದೆ, ಚಾಚುವ ಸ್ನಾಯು ಇಲ್ಲವೇ ಇಲ್ಲ. ಕಾಲು ಚಾಚುವುದು ನೀರಿನ ಒತ್ತಡದಿಂದ. ದೇಹದ ಮುಂಭಾಗವನ್ನು ಒತ್ತಿ, ಒಳಗಿನ ರಕ್ತದಂಥ ದ್ರವವನ್ನು ಕಾಲಿನೊಳಗೆ ತಳ್ಳುತ್ತದೆ. ನಮ್ಮೂರಿನಲ್ಲಿ ಬಾವಿ ತೋಡಲು, ರಸ್ತೆ ಅಗೆಯಲು ಬರುವ ಜೆಸಿಬಿಯ ತೋಳು ಎಣ್ಣೆಯ ಒತ್ತಡದಿಂದ ಚಾಚುತ್ತದಲ್ಲ, ಕೆಲಸ ಅದೇ. ಪ್ಯಾರಿ ಮತ್ತು ಬ್ರೌನ್ ಎಂಬ ಇಬ್ಬರು ವಿಜ್ಞಾನಿಗಳು 1959ರಲ್ಲಿ ಈ ಒತ್ತಡವನ್ನು ಅಳೆದು ಬರೆದಿದ್ದಾರೆ. ಗೋಡೆಯ ಮೇಲೆ ಟಣ್ಣನೆ ನೆಗೆಯುವ ಸಣ್ಣ ಜೇಡವನ್ನು ನೀವೆಲ್ಲ ನೋಡಿದ್ದೀರಿ. ಅದರ ಹಿಂಗಾಲುಗಳ ನೆಗೆತಕ್ಕೂ ಈ ಒತ್ತಡವೇ ಬಲ.

ಹೀಗಾಗಿ ಜೇಡನಿಗೆ ನೀರು ಕಡಿಮೆಯಾದರೆ ಗಂಟಲು ಒಣಗುವುದಷ್ಟೇ ಅಲ್ಲ, ಕಾಲೇ ಚಾಚುವುದಿಲ್ಲ. ಸತ್ತ ಜೇಡ ಯಾವಾಗಲೂ ಕಾಲುಗಳನ್ನು ಒಳಕ್ಕೆ ಮಡಚಿಕೊಂಡು ಮುಷ್ಟಿಯಂತೆ ಬಿದ್ದಿರುವುದು ಇದಕ್ಕೇ. ಒತ್ತಡ ಹೋಯಿತು, ಮಡಚುವ ಸ್ನಾಯುವೊಂದೇ ಉಳಿಯಿತು. ಇನ್ನೂ ಯೋಚನೆ ಮಾಡಿ. ನೀರು ಹುಡುಕಲು ನಡೆಯಬೇಕು, ನಡೆಯಲು ನೀರು ಬೇಕು. ತಡ ಮಾಡಿದರೆ ನೀರು ಎರಡು ಗೇಣು ದೂರದಲ್ಲಿದ್ದರೂ ಮುಟ್ಟಲಾಗುವುದಿಲ್ಲ. ಮೂಲೆಯಲ್ಲಿ ಸುಮ್ಮನೆ ಕೂತ ಜೇಡನನ್ನು ಸೋಮಾರಿ ಅನ್ನುವ ಹಾಗಿಲ್ಲ. ಅದು ಇದ್ದ ನೀರನ್ನು ಕಾಯುತ್ತಿರುತ್ತದೆ.

ಕಾಯುವ ಬಗೆ ಹೇಳುತ್ತೇನೆ. ನೀರು ಸೋರಿಹೋಗುವ ಮುಖ್ಯ ದಾರಿಗಳು ಮೂರು. ಒಂದು ಚರ್ಮ. ಅದರ ಮೇಲೆ ಮೇಣದಂಥ ಪದರ ಬಳಿದುಕೊಂಡಿದೆ. ಎರಡನೆಯದು ಉಸಿರು. ಅನೇಕ ಜೇಡಗಳ ಹೊಟ್ಟೆಯ ಕೆಳಗೆ ಪುಸ್ತಕದ ಹಾಳೆಗಳಂತೆ ಒಂದರ ಮೇಲೊಂದು ಜೋಡಿಸಿದ ಶ್ವಾಸಕೋಶವಿದೆ. ಅದರ ಬಾಗಿಲು ಒಂದು ಸಣ್ಣ ಸೀಳು. ಸುಮ್ಮನೆ ಕೂತಾಗ ಆ ಸೀಳನ್ನು ತೀರಾ ಕಿರಿದಾಗಿ ಇಟ್ಟುಕೊಳ್ಳುತ್ತದೆ, ಓಡಾಡಿದಾಗ ಅಗಲ ಮಾಡುತ್ತದೆ. ಮೂರನೆಯದನ್ನು ಹೇಳಿದರೆ ಹಿರಿಯರು ಬೇಸರ ಮಾಡಿಕೊಳ್ಳಬಾರದು, ಉಚ್ಚೆ. ನಮ್ಮ ದೇಹ ಕಸವನ್ನು ಹೊರಹಾಕಲು ದಿನಾ ಒಂದು ತಂಬಿಗೆಗಿಂತ ಹೆಚ್ಚು ನೀರು ಖರ್ಚು ಮಾಡುತ್ತದೆ. ಜೇಡ ಅದೇ ಕಸವನ್ನು ಗ್ವಾನಿನ್ ಎಂಬ ವಸ್ತುವಾಗಿ ಮಾಡುತ್ತದೆ. ಅದು ನೀರಿನಲ್ಲಿ ಕರಗುವುದೇ ಇಲ್ಲ ಅನ್ನಬಹುದು, ಹಾಗಾಗಿ ಹೊರಹಾಕಲು ನೀರು ಬಹಳ ಬೇಕಿಲ್ಲ. ಜಾಡಿನ ಕೆಳಗೆ ಗೋಡೆಯ ಮೇಲೆ ಸುಣ್ಣ ಸಿಡಿದಂತೆ ಬಿಳಿ ಚುಕ್ಕೆ ಕಾಣುತ್ತವಲ್ಲ, ಅದೇ ಇದು. 'ಜ್ಯಾಡ ಉಚ್ಚಿ ಹೊಯ್ದು ಗುಳ್ಳಿ ಎದ್ದಾವ' ಅನ್ನುವ ಮಾತು ನಮ್ಮಲ್ಲಿದೆ. ನೀರನ್ನು ಇಷ್ಟು ಲೆಕ್ಕ ಹಾಕಿ ಬಳಸುವ ಪ್ರಾಣಿ ನಿಮ್ಮ ಕುತ್ತಿಗೆಯ ಮೇಲೆ ಅದನ್ನು ಸುರಿಯಲು ಬರುವುದಿಲ್ಲ. ಮಳೆಗಾಲದಲ್ಲಿ ದೀಪಕ್ಕೆ ಬರುವ ಕೆಂಪು-ಕಪ್ಪು ಬಣ್ಣದ ಒಂದು ಸಣ್ಣ ಜೀರುಂಡೆ ಇದೆ, ಮೈಮೇಲೆ ಕೂತಾಗ ಅದನ್ನು ತಿಕ್ಕಿದರೆ ಅದರ ರಸಕ್ಕೆ ಚರ್ಮ ಸುಟ್ಟಂತೆ ಆಗುತ್ತದೆ. ಬೆಳಿಗ್ಗೆ ಎದ್ದು ನೋಡಿದಾಗ ಕಣ್ಣಿಗೆ ಬೀಳುವುದು ಮೂಲೆಯ ಜೇಡ. ಬೈಗುಳ ಅದಕ್ಕೆ.

ಬಿಸಿಲಿಗೆ ಹೋಗದಿರುವುದೂ ನೀರು ಉಳಿಸುವ ದಾರಿಯೇ. ದುರ್ಗದ ಗುಡಿಯ ಹೊರಗಿನ ಕಲ್ಲನ್ನು ಮಧ್ಯಾಹ್ನ ಬರಿಗಾಲಲ್ಲಿ ತುಳಿಯಲಾಗುವುದಿಲ್ಲ. ಅದೇ ಹೊತ್ತಿನಲ್ಲಿ ಒಳಗಿನ ಪ್ರದಕ್ಷಿಣೆಯ ಕಂಬದ ಸಂದಿಯಲ್ಲಿ, ರಾವಣಫಡಿಯ ಮೂಲೆಯ ಬಿರುಕಿನಲ್ಲಿ ಕೈಯಿಟ್ಟರೆ ತಂಪು. ಜೇಡ ಅಲ್ಲಿರುತ್ತದೆ. ಮೇಗುತಿಯ ಗೋಡೆಯ ಮೇಲೆ ರವಿಕೀರ್ತಿ ಶಾಸನ ಬರೆಸಿದ್ದು 634ರಲ್ಲಿ. ಪ್ರವಾಸಿಗರಿಗೆ ನಾವು ಅದನ್ನು ಬಹಳ ಹಳೆಯದು ಅಂತ ತೋರಿಸುತ್ತೇವೆ. ಆ ಗೋಡೆಯ ಸಂದಿಯಲ್ಲಿ ಕೂತವನ ವಂಶ ಸುಮಾರು 30 ಕೋಟಿ ವರ್ಷದ್ದು. ಮನೆಯಲ್ಲಾದರೆ ಬಚ್ಚಲಲ್ಲಿ, ಹಂಡೆಯ ಹಿಂದೆ, ಕೊಡ ಇಡುವ ಕಟ್ಟೆಯ ಕೆಳಗೆ ಉದ್ದ ಕಾಲಿನ ಜೇಡಗಳು ಯಾಕೆ ಕಾಣುತ್ತವೆ ಅಂತ ಈಗ ನಿಮಗೇ ತಿಳಿಯುತ್ತದೆ. ಅಲ್ಲಿ ಗಾಳಿಯೇ ತೇವ, ಕೊಡದ ಮೈಯಿಂದ ಜಿನುಗಿದ ಹನಿಯೂ ಇದೆ.

ಹೊಲದಲ್ಲಿರುವ ಜೇಡಕ್ಕೆ ಹಂಡೆಯೂ ಇಲ್ಲ, ಕೊಡವೂ ಇಲ್ಲ. ಅದರ ನೀರು ಎಲ್ಲಿಯದು ಅಂತ ತಿಳಿಯಲು ನಾನು ದೀಪಾವಳಿಯವರೆಗೆ ಕಾಯಬೇಕಾಯಿತು.

ಹಿಂಗಾರಿ ಬಿತ್ತನೆಯಾಗಿ, ಬಿಳಿಜೋಳ ಮೊಣಕಾಲುದ್ದ ಬಂದ ಮೇಲೆ, ಚಳಿಗಾಲದ ಬೆಳಗಿನ ಜಾವ ಎರಿ ಹೊಲದ ಬದುವಿಗೆ ಹೋಗಿ. ಹುಲ್ಲಿನ ಮೇಲೆ ಬಿಳಿ ಕರವಸ್ತ್ರ ಹಾಸಿದಂತೆ ಹತ್ತಾರು ಜಾಡುಗಳು. ಪ್ರತಿಯೊಂದರ ಒಂದು ಬದಿಯಲ್ಲಿ ಕೊಳವೆಯಂಥ ತೂತು. ಇವು ಹಿಪ್ಪಾಸಾ ಎಂಬ ಗುಂಪಿನ ಜೇಡಗಳು. ಹಗಲಲ್ಲಿ ಈ ಜಾಡುಗಳು ನಮ್ಮ ಕಣ್ಣಿಗೇ ಬೀಳುವುದಿಲ್ಲ, ತುಳಿದುಕೊಂಡು ಹೋಗುತ್ತೇವೆ. ಬೆಳಿಗ್ಗೆ ಕಾಣುವುದು ಇಬ್ಬನಿಯಿಂದ. ರಾತ್ರಿ ಆಕಾಶ ತಿಳಿಯಾಗಿದ್ದರೆ ನೆಲ, ಹುಲ್ಲು, ನೂಲು ಎಲ್ಲವೂ ಶಾಖವನ್ನು ಮೇಲಕ್ಕೆ ಬಿಟ್ಟು ತಣ್ಣಗಾಗುತ್ತವೆ. ಗಾಳಿಯಲ್ಲಿದ್ದ ತೇವ ತಣ್ಣನೆಯ ನೂಲಿನ ಮೇಲೆ ಹನಿಯಾಗಿ ಕೂರುತ್ತದೆ. ನೂಲು ಸಣ್ಣದಾದಷ್ಟು ಬೇಗ ತಣ್ಣಗಾಗುತ್ತದೆ, ಕಡಿಮೆ ನೂಲಿನಲ್ಲೇ ಹೆಚ್ಚು ಜಾಗ ಹರಡಿರುತ್ತದೆ. ನಾನು ಮಂಡಿಯೂರಿ ಕೂತು ನೋಡಿದೆ. ತೂತಿನೊಳಗಿಂದ ಜೇಡ ಹೊರಗೆ ಬಂದು, ಮುಂಗಾಲು ಊರಿ, ಹನಿಗೆ ಬಾಯಿ ಹಚ್ಚಿ ನಿಂತಿತು. ಸೂರ್ಯ ಮೇಲೆ ಬಂದು ಹನಿಗಳೆಲ್ಲ ಆರಿಹೋಗಲು ಒಂದು ತಾಸು ಹಿಡಿಯಿತು. ಅದಕ್ಕೆ ಸಿಗುವ ನಲ್ಲಿಯ ನೀರಿನ ಹೊತ್ತು ಅಷ್ಟೇ.

ಅವತ್ತು ನನಗೆ ನೆನಪಾದದ್ದು ನಮ್ಮ ಅಜ್ಜಿ. ಹಿರಿಯರಿಗೆ ಗೊತ್ತು, ಹುಡುಗರಿಗಾಗಿ ಹೇಳುತ್ತೇನೆ. ಕಡಲೆ ಗಿಡದ ಎಲೆಯ ಮೇಲೆ ಸಣ್ಣ ಸಣ್ಣ ಕೂದಲಿವೆ, ಅವು ಹುಳಿ ರಸ ಬಿಡುತ್ತವೆ. ಕಡಲೆ ಹೊಲದಲ್ಲಿ ನಡೆದರೆ ಕಾಲು ಉರಿಯುವುದು ಇದಕ್ಕೇ. ಅಜ್ಜಿ ರಾತ್ರಿ ಗಿಡಗಳ ಮೇಲೆ ಒಗೆದ ಬಿಳಿ ಪಂಜೆ ಹಾಸಿ ಬರುತ್ತಿದ್ದಳು. ರಾತ್ರಿಯೆಲ್ಲ ಇಬ್ಬನಿ ಬಿದ್ದು, ಎಲೆಯ ಹುಳಿಯೊಂದಿಗೆ ಬಟ್ಟೆಗೆ ಇಳಿಯುತ್ತಿತ್ತು. ಬಿಸಿಲು ಬೀಳುವ ಮುನ್ನ ಹೋಗಿ ಬಟ್ಟೆ ಹಿಂಡಿ ಸೀಸೆಯಲ್ಲಿ ತುಂಬುವಳು. ಹೊಟ್ಟೆ ನೋವಿಗೆ, ಅಜೀರ್ಣಕ್ಕೆ ಅದೇ ಔಷಧಿ. ಬಟ್ಟೆ ಹಾಸಿ ಇಬ್ಬನಿ ಹಿಡಿಯುವ ವಿದ್ಯೆ ನಮ್ಮ ಮನೆಯಲ್ಲೂ ಇತ್ತು, ಬದುವಿನ ಮೇಲೂ ಇತ್ತು. ಹಳೆಯ ಕನ್ನಡದಲ್ಲಿ ಜೇಡ ಅಂದರೆ ನೇಕಾರ ಅಂತಲೂ ಅರ್ಥ. ಜೇಡರ ದಾಸಿಮಯ್ಯ ಅಂದರೆ ನೇಯುವ ದಾಸಿಮಯ್ಯ. ಇಳಕಲ್ಲಿನ ಪಕ್ಕದಲ್ಲಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ನೂಲಿನ ಬಗ್ಗೆ ಇನ್ನೂ ಸ್ವಲ್ಪ ಹೇಳದೆ ಇರಲಾರೆ, ಯಾಕೆಂದರೆ ಇಲ್ಲಿ ನನ್ನೊಳಗಿನ ಇಂಜಿನಿಯರ್ ಎದ್ದು ಕೂತ. ಚಕ್ರದ ಆಕಾರದಲ್ಲಿ ಬಲೆ ಹೆಣೆಯುವ ಜೇಡಗಳಿವೆ. ಅವುಗಳ ಸುತ್ತುವ ಎಳೆಯ ಮೇಲೆ ಅಂಟಿನ ಹನಿಗಳಿರುತ್ತವೆ. ಆ ಅಂಟಿನಲ್ಲಿ ಲವಣದಂಥ ಪದಾರ್ಥಗಳು ಸೇರಿವೆ. ಮಳೆಗಾಲದಲ್ಲಿ ಡಬ್ಬಿಯ ಉಪ್ಪು ತಾನಾಗಿ ಒದ್ದೆಯಾಗುವಂತೆ ಅವು ಗಾಳಿಯ ತೇವವನ್ನು ಎಳೆದುಕೊಳ್ಳುತ್ತವೆ. ಅಂಟು ಒಣಗದಿರಲಿ ಅಂತ ಈ ಏರ್ಪಾಡು. ಇಂಥ ಜೇಡಗಳಲ್ಲಿ ಅನೇಕವು ಹಳೆಯ ಬಲೆಯನ್ನು ದಿನಾ ತಾವೇ ತಿಂದು ಹೊಸದನ್ನು ಹೆಣೆಯುತ್ತವೆ. ನೂಲು ಒಳಗೆ ಹೋಗಿ ಮತ್ತೆ ನೂಲಾಗುತ್ತದೆ. ಜೊತೆಗೆ ಗಾಳಿಯಿಂದ ಹಿಡಿದ ಆ ನೀರೂ, ಅಂಟಿಕೊಂಡ ಇಬ್ಬನಿಯೂ ಹೊಟ್ಟೆಗೆ ಸೇರುತ್ತದೆ. ಎಮ್ಮೆಯ ಮೈಮೇಲಿನ ಉಣ್ಣಿಯೂ ಗಾಳಿಯಿಂದ ನೀರು ಎಳೆಯಬಲ್ಲದು, ಆದರೆ ಅದು ತನ್ನ ಬಾಯಿಯ ಲವಣದ ಜೊಲ್ಲಿನಿಂದ ಎಳೆಯುತ್ತದೆ. ಜೇಡ ಆ ಕೆಲಸವನ್ನು ಹೊರಗೆ ನೂಲಿಗೆ ಒಪ್ಪಿಸಿದೆ.

ಇನ್ನೊಂದು ಬಗೆಯ ನೂಲಿನಲ್ಲಿ ಅಂಟೇ ಇಲ್ಲ. ಜೇಡ ಹಿಂಗಾಲಿನ ಬಾಚಣಿಗೆಯಿಂದ ಬಾಚಿ, ಉಣ್ಣೆಯಂತೆ ಮಾಡಿ ಬಿಡುತ್ತದೆ. ಯುಲೋಬೋರಸ್ ಎಂಬ ಜೇಡದ ಇಂಥ ನೂಲನ್ನು ಬೀಜಿಂಗಿನ ಲೇ ಜಿಯಾಂಗ್ ಮತ್ತು ಸಂಗಡಿಗರು ಮಂಜಿನಲ್ಲಿಟ್ಟು ನೋಡಿ, 2010ರಲ್ಲಿ ನೇಚರ್ ಪತ್ರಿಕೆಯಲ್ಲಿ ಬರೆದರು. ಒಣಗಿದ್ದಾಗ ಈ ನೂಲಿನ ಮೇಲೆ ಹತ್ತಿಯ ಉಂಡೆಗಳಂತೆ ಸಾಲು ಸಾಲು. ತೇವ ತಾಗಿದ ಕೂಡಲೇ ಪ್ರತಿ ಉಂಡೆ ಮುದುಡಿ ಕದಿರಿನ ಆಕಾರದ ಗಂಟಾಗುತ್ತದೆ. ಗಂಟಿನ ಮೈ ಒರಟು, ನಡುವಿನ ಎಳೆ ನುಣುಪು. ಹನಿ ನಡುವೆ ಹುಟ್ಟಿದರೂ ಅಲ್ಲಿ ನಿಲ್ಲುವುದಿಲ್ಲ, ತಾನೇ ಗಂಟಿನ ಕಡೆ ಸರಿಯುತ್ತದೆ. ಸಣ್ಣ ಹನಿಗಳು ಕೂಡಿ ದೊಡ್ಡ ಹನಿಯಾಗುತ್ತವೆ. ಪಂಪಿಲ್ಲ, ಇಳಿಜಾರಿಲ್ಲ, ಕರೆಂಟಿಲ್ಲ. ಅದನ್ನು ನೋಡಿಯೇ ಕೃತಕ ನೂಲನ್ನೂ ಮಾಡಿದ್ದಾರೆ.

ಈ ಉಣ್ಣೆಯ ನೂಲು ನೋಡಲು ಬೀಜಿಂಗಿಗೆ ಹೋಗಬೇಕಾಗಿಲ್ಲ. ನಮ್ಮ ಬಯಲುಸೀಮೆಯ ಮುಳ್ಳುಕಂಟಿಗಳಲ್ಲಿ, ಜಾಲಿ ಗಿಡದಲ್ಲಿ, ಬೇಲಿಯಲ್ಲಿ ಒಣ ಎಲೆ ಸೇರಿಸಿ ಕೊಳಕು ಅರಿವೆಯ ಗಂಟಿನಂತೆ ಕಟ್ಟಿದ ಗೂಡುಗಳಿರುತ್ತವೆ. ಅದು ಸ್ಟೆಗೋಡಿಫಸ್ ಸರಸಿನೋರಮ್ ಎಂಬ ಜೇಡದ ಊರು. ಮನೆ ಅನ್ನುವುದಿಲ್ಲ, ಊರೇ. ಒಂದೇ ಗೂಡಿನಲ್ಲಿ ಹತ್ತಾರು, ಕೆಲವೊಮ್ಮೆ ನೂರಾರು ಜೇಡಗಳು ಕೂಡಿ ಬಾಳುತ್ತವೆ, ಕೂಡಿ ಬೇಟೆಯಾಡುತ್ತವೆ. ಜೇಡಗಳ ಲೋಕದಲ್ಲಿ ಇದು ಬಹಳ ಅಪರೂಪ, ಹೆಚ್ಚಿನವು ಒಂದನ್ನೊಂದು ಕಂಡರೆ ತಿಂದುಬಿಡುತ್ತವೆ. ಒಂದು ದೊಡ್ಡ ಮಿಡತೆ ಬಿದ್ದರೆ ಹಲವು ಬಾಯಿಗೆ ಊಟ, ಹಲವು ಬಾಯಿಗೆ ನೀರು. ಹಗಲೆಲ್ಲ ಗೂಡಿನ ಒಳಗಿನ ನೆರಳಿನಲ್ಲಿ ಇರುತ್ತವೆ.

ಈ ಜೇಡದ ಮರಿಗಳಿಗೆ ಮೊದಲ ದಿನಗಳಲ್ಲಿ ಬೇಟೆಯೂ ಬಾರದು, ಇಬ್ಬನಿ ಹುಡುಕುವುದೂ ಬಾರದು. ತಾಯಿ ತಾನು ತಿಂದದ್ದನ್ನು ಹೊಟ್ಟೆಯೊಳಗೆ ತಿಳಿಮಾಡಿ ಬಾಯಿಂದ ಹನಿಯಾಗಿ ತರುತ್ತಾಳೆ, ಮರಿಗಳು ಅದಕ್ಕೆ ಬಾಯಿ ಹಚ್ಚುತ್ತವೆ. ಊಟ ಅದೇ, ನೀರೂ ಅದೇ. ಹಾಗೆ ಕೊಡುತ್ತಾ ಹೋದಂತೆ ಅವಳ ಒಳಗಿನ ಅಂಗಗಳೇ ಕರಗತೊಡಗುತ್ತವೆ. ಕೊನೆಗೆ ಕೊಡಲು ಏನೂ ಉಳಿಯದಾದಾಗ ಮರಿಗಳು ಅವಳನ್ನೇ ಹೀರಿ ಮುಗಿಸುತ್ತವೆ. ಅವಳು ಓಡುವುದಿಲ್ಲ. ಓದಿದಾಗ ನನಗೂ ಮೈ ಜುಂ ಅಂದಿತು. ಮಾಳಿಗೆಯಿಂದ ಕೆಳಗಿಳಿದು ಬಂದೆ, ಅವ್ವ ನಲ್ಲಿಯ ಮುಂದೆ ಕೊಡ ಹಿಡಿದು ನಿಂತಿದ್ದಳು. ಅವಳ ಕೈಯಿಂದ ಕೊಡ ತೆಗೆದುಕೊಂಡೆ. "ಇವತ್ತೇನು ಸೂರ್ಯ ಪಡುವಣದಾಗ ಹುಟ್ಯಾನೇನು?" ಅಂದಳು.

ನೆಲದಿಂದಲೂ ನೀರು ಹೀರುವ ಜೇಡಗಳಿವೆ. ಮೊದಲು ಹೇಳಿದ ಪ್ಯಾರಿಯೇ 1954ರಲ್ಲಿ ಇದನ್ನು ತೋರಿಸಿದ್ದ. ಬಲೆ ಕಟ್ಟದೆ ನೆಲದ ಮೇಲೆ ಓಡಾಡುವ ತೋಳ ಜೇಡ ಹಸಿ ಮಣ್ಣಿಗೆ ಬಾಯಿ ಒತ್ತಿ, ಮಣ್ಣಿನ ಕಣಗಳ ನಡುವೆ ಸಿಕ್ಕಿಕೊಂಡ ನೀರನ್ನು ಎಳೆಯಬಲ್ಲದು. ನಮ್ಮ ಬಿಳಿಜೋಳದ ಬೇರು ಮಾಡುವುದೂ ಇದನ್ನೇ ಅಲ್ಲವೇ? ಬಿತ್ತಿದ ಮೇಲೆ ಮಳೆ ಬರದಿದ್ದರೂ ಎರಿ ಮಣ್ಣಿನ ಹಸಿಯ ಮೇಲೆ ಜೋಳ ತೆನೆಗೆ ಬರುತ್ತದೆ. ಹೂವಿನ ಮಕರಂದಕ್ಕೆ ಬಾಯಿ ಹಾಕುವ ಜೇಡಗಳೂ ಇವೆ, ಅದನ್ನು ಹೇಳಲು ಈಗ ಹೊತ್ತಿಲ್ಲ.

ಇಷ್ಟು ಹೊತ್ತು ಒಳ್ಳೆಯದನ್ನೇ ಹೇಳಿದೆ. ಹೋಂವರ್ಕಿನಲ್ಲಿ ಒಂದು ಕೊನೆಯ ಪುಟ ಇದೆ, ಅದನ್ನು ಬರೆಯಲು ನನಗೆ ಇಷ್ಟವಿರಲಿಲ್ಲ.

ಆ ಚಳಿಗಾಲದಲ್ಲಿ ನಮ್ಮದೇ ಹೊಲದ ಕಡಲೆಗೆ ಕೀಡೆ ಬಿತ್ತು. ಅಣ್ಣ ಎಣ್ಣೆ ಹೊಡೆದ. ಹೊಡೆಯುವುದು ತಪ್ಪು ಅಂತ ನಾನು ಬೆಂಗಳೂರಿನಲ್ಲಿ ಕೂತು ಹೇಳಬಹುದು. ಸಾಲ ಮಾಡಿ ಬಿತ್ತಿದವನು ಕಾಯಿ ತೂತಾಗುವುದನ್ನು ನೋಡುತ್ತಾ ಕೂರಲಾರ. ಅವತ್ತು ಟ್ಯಾಂಕಿಗೆ ನೀರು ತುಂಬಿಕೊಟ್ಟವನೂ ನಾನೇ. ಮರುದಿನ ಬೆಳಿಗ್ಗೆ ಬದುವಿಗೆ ಹೋದಾಗ ಇಬ್ಬನಿ ಎಂದಿನಂತೆ ಬಿದ್ದಿತ್ತು. ಜಾಡುಗಳೂ ಇದ್ದವು. ಆದರೆ ನಾಲ್ಕೈದು ತೂತುಗಳ ಮುಂದೆ ಜೇಡಗಳು ಮುಷ್ಟಿ ಹಿಡಿದಂತೆ ಬಿದ್ದಿದ್ದವು. ಜೇಡನ ಬಲೆ ಗಾಳಿಯಲ್ಲಿ ಬಂದ ಔಷಧಿಯ ಹನಿಯನ್ನೂ ಹಿಡಿಯುತ್ತದೆ. ಇಬ್ಬನಿ ಹಿಡಿಯಲು ಎಷ್ಟು ಚೆನ್ನಾಗಿದೆಯೋ ಅದಕ್ಕೂ ಅಷ್ಟೇ ಚೆನ್ನಾಗಿದೆ. ಅದನ್ನೇ ಕುಡಿಯುತ್ತದೆ, ಬಲೆ ತಿನ್ನುವ ಜಾತಿಯಾದರೆ ಬಲೆಯ ಜೊತೆಗೆ ತಿನ್ನುತ್ತದೆ. ಕೀಡೆಯಾಗುವ ಮೊದಲಿನ ಪತಂಗವನ್ನು, ಎಲೆಯ ರಸ ಹೀರುವ ಹುಳವನ್ನು ಪುಕ್ಕಟೆಯಾಗಿ ತಿನ್ನುತ್ತಿದ್ದದ್ದು ಅವೇ ಜೇಡಗಳು.

ಮನೆಗೆ ಬಂದು ಅವ್ವನನ್ನು ಕೇಳಿದೆ, ಅಜ್ಜಿ ಮಾಡುತ್ತಿದ್ದ ಕಡಲೆಯ ಹುಳಿ ನೀನು ಯಾಕೆ ಹಿಡಿಯುವುದಿಲ್ಲ ಅಂತ. "ಎಣ್ಣಿ ಹೊಡದ ಕಡ್ಲಿ ಮ್ಯಾಲಿನ ನೀರು ಯಾರು ಕುಡೀತಾರೋ? ಯಾವಾಗೋ ಬಿಟ್ಟೀವಿ" ಅಂದಳು. ನಾವು ಬಿಟ್ಟೆವು. ನಮಗೆ ಈಗ ಮಾತ್ರೆಯ ಅಂಗಡಿ ಇದೆ. ಜೇಡಕ್ಕೆ ಬಿಡಲು ಬರುವುದಿಲ್ಲ, ಅದಕ್ಕೆ ಇರುವ ನೀರು ಅದೊಂದೇ.

ಅಣ್ಣನ ಜೊತೆ ಮಾತಾಡಿದೆ. ಜಗಳವೂ ಆಯಿತು. ಕೊನೆಗೆ ಆದ ಒಪ್ಪಂದ ಇಷ್ಟು: ಕೀಡೆಯನ್ನು ಎಣಿಸಿ ನೋಡದೆ ಹೊಡೆಯುವುದಿಲ್ಲ, ಗಾಳಿ ಇದ್ದಾಗ ಹೊಡೆಯುವುದಿಲ್ಲ, ಬದುವಿನ ಹುಲ್ಲಿನ ಮೇಲೆ ಯಾವತ್ತೂ ಹೊಡೆಯುವುದಿಲ್ಲ. ಬದುವನ್ನು ಸುಡುವುದನ್ನೂ ಬಿಟ್ಟಿದ್ದಾನೆ. ಹೋದ ಚಳಿಗಾಲ ರಜೆಗೆ ಬಂದಾಗ ಒಂದು ಬದುವಿನ ಮೇಲೆ ಎಣಿಸಿದೆ, 41 ಜಾಡು. ಅದಕ್ಕೂ ಮೊದಲು ಎಷ್ಟಿದ್ದವು ಅಂತ ಎಣಿಸಿಟ್ಟಿರಲಿಲ್ಲ. ವಿಜ್ಞಾನದ ಸರ್ ಕೇಳಿದರೆ ಇದಕ್ಕೆ ಅಂಕ ಕಳೆಯುತ್ತಾರೆ.

ಆ ಪ್ರಶ್ನೆ ಕೇಳಿದ ನನ್ನ ಗೆಳತಿ ಇವತ್ತು ಈ ಸಭೆಯಲ್ಲಿದ್ದಾಳೆ. ಹೆಸರು ಹೇಳಬೇಡ ಅಂದಿದ್ದಾಳೆ, ಹೇಳುವುದಿಲ್ಲ. ಅವಳ ಮಗಳು ಈಗ ಇದೇ ಶಾಲೆಯಲ್ಲಿ ಎಂಟನೇ ತರಗತಿ. ಮನೆಯ ಮುಂದೆ ನಲ್ಲಿ ಬಂದಿದೆಯಂತೆ, ಪ್ರಾರ್ಥನೆಗೆ ತಡವಾಗುವುದಿಲ್ಲವಂತೆ. ಅವತ್ತು ನಕ್ಕದ್ದಕ್ಕೆ ಬೆಳಿಗ್ಗೆ ಅವಳ ಹತ್ತಿರ ತಪ್ಪಾಯಿತು ಅಂದೆ. "ನೀ ನಕ್ಕಿದ್ದು ನನಗ ನೆನಪೇ ಇಲ್ಲ. ಸರ್ ಆ ಜಾಡು ತಗೀಲಿಲ್ಲಲ್ಲ, ಅದು ನೆನಪೈತಿ" ಅಂದಳು.

ವಿದ್ಯಾರ್ಥಿಗಳೇ, ಸುವರ್ಣ ಮಹೋತ್ಸವಕ್ಕೆ ಶಾಲೆಗೆ ಸುಣ್ಣ ಬಣ್ಣ ಆಗಿದೆ, ಮೂಲೆಗಳೆಲ್ಲ ಚೊಕ್ಕವಾಗಿವೆ. ಆದರೆ ಆಟದ ಮೈದಾನದ ಬೇಲಿಯ ಜಾಲಿಯಲ್ಲಿ ಆ ಅರಿವೆಯ ಗಂಟಿನಂಥ ಗೂಡು ಒಂದಿದೆ, ನಿನ್ನೆ ನೋಡಿಕೊಂಡು ಬಂದಿದ್ದೇನೆ. ಕಡ್ಡಿ ಹಾಕಿ ತಿವಿಯಬೇಡಿ. ಚಳಿಗಾಲದಲ್ಲಿ ಬೆಳಿಗ್ಗೆ ಆರೂವರೆಗೆ ಮುಂಚೆ ಬಂದರೆ ಅದರ ನೂಲಿನ ಮೇಲೆ ಹನಿ ಇರುತ್ತದೆ. ಬಿಸಿಲು ಬಿದ್ದ ಮೇಲೆ ಬಂದರೆ ಏನೂ ಕಾಣುವುದಿಲ್ಲ. ನೋಡಿದ್ದನ್ನು ತಾರೀಖು ಹಾಕಿ ಬರೆದಿಡಿ, ಎಷ್ಟು ಹನಿ, ಎಷ್ಟು ಜೇಡ ಹೊರಗೆ ಬಂದವು, ಎಷ್ಟು ಹೊತ್ತು ಕುಡಿದವು. ನಾನು ಬರೆದಿಟ್ಟ ವಹಿಯನ್ನು ಶಾಲೆಯ ವಿಜ್ಞಾನ ಕೋಣೆಗೆ ಕೊಟ್ಟು ಹೋಗುತ್ತೇನೆ, ಅದರಲ್ಲಿ ಇನ್ನೂ ಬಹಳ ಹಾಳೆಗಳು ಖಾಲಿ ಇವೆ.

ಸರ್, ತಡವಾಗಿದ್ದಕ್ಕೆ ಕ್ಷಮೆ ಇರಲಿ.